ಇಬ್ಬರು ಸೇರಿ ಎತ್ತಬೇಕು

"ಏಳಪ್ಪಾ, ಮದುಮಗನ ಹಾಗೆ ಕೂತ್ಕೊಂಡ್ರೆ ಆಯ್ತಾ? ತೋಟದ ತನಕ ನಡ್ಕೊಂಡು ಹೋಗಿ ಬರೋಣ," ಎನ್ನುತ್ತಾ ಮಗಳು ಹೊಸ ಚಪ್ಪಲಿಗಳನ್ನು ಮಂಚದ ಪಕ್ಕ ಜೋಡಿಸಿಟ್ಟಳು. ಟೈಲರ್ ತಾತ ಕಾಲು ಕೆಳಗಿಡಲಿಲ್ಲ. ಎತ್ತಿಕೋ ಎನ್ನುವ ಮಗುವಿನ ಹಾಗೆ ಎರಡೂ ಕೈಗಳನ್ನು ಮೇಲಕ್ಕೆ ಚಾಚಿದರು.

ಬಾಗಿಲಲ್ಲಿ ನಿಂತಿದ್ದ ಹಿರಿಯ ನರ್ಸ್ ಅದನ್ನು ನೋಡಿದಳು. ಸೊಂಟದ ಆಪರೇಷನ್ ಮುಗಿಸಿಕೊಂಡು ತಾತ ಈ ವೃದ್ಧಾಶ್ರಮಕ್ಕೆ ಬಂದಾಗ, 'ಇಬ್ಬರು ಸೇರಿ ಎತ್ತಬೇಕು' ಎಂದು ಅವರ ಆರೈಕೆಯ ಹಾಳೆಯಲ್ಲಿ ಬರೆದವಳು ಅವಳೇ. ಬೇಸಿಗೆಯಲ್ಲಿ ಫಿಸಿಯೋಥೆರಪಿಯವನು ತಾತನನ್ನು ಕಾರಿಡಾರಿನುದ್ದಕ್ಕೂ ನಡೆಸಿ, "ಸಿಸ್ಟರ್, ಇನ್ನು ಇವರನ್ನ ಯಾರೂ ಎತ್ತೋದು ಬೇಡ, ಹಾಳೆ ಬದಲಾಯಿಸಿಬಿಡಿ," ಎಂದಿದ್ದ. ನಾಳೆ ಮಾಡಿದರಾಯಿತು ಎಂದುಕೊಂಡಳು. ಆ ನಾಳೆ ಬರಲೇ ಇಲ್ಲ. ಹಳೆಯ ಆಯಾಗಳು ಕೆಲಸ ಬಿಟ್ಟುಹೋದರು. ಹೊಸಬರು ಹಾಳೆಯನ್ನು ನಂಬಿ, ತಾತನನ್ನು ಎತ್ತಿ ಕೂರಿಸಿದರು, ಎತ್ತಿ ಮಲಗಿಸಿದರು. ಜೀವನವಿಡೀ ಹೊಲಿಗೆ ಯಂತ್ರ ತುಳಿದ ಕಾಲುಗಳು ಬರಬರುತ್ತಾ ನೆಲವನ್ನೇ ಮರೆತವು.

"ನಡೀತಿದ್ದಾರೆ ಅಂತ ಫೋನಲ್ಲಿ ನೀವೇ ಹೇಳಿದ್ರಲ್ಲ ಸಿಸ್ಟರ್?" ಎಂದು ಮಗಳು ತಿರುಗಿ ಕೇಳಿದಳು.

ನರ್ಸ್ ಹತ್ತಿರ ಹೋಗಿ ತಾತನ ಕಂಕುಳಿಗೆ ಕೈಹಾಕಿ, "ಒಂದ್ಸಲ ಕಾಲೂರಿ ನೋಡಿ ತಾತ. ನಾನು ಹಿಡ್ಕೊಂಡಿದ್ದೀನಿ," ಎಂದಳು.

ತಾತ ಗಾಬರಿಯಿಂದ ಅವಳ ತೋಳನ್ನು ತಡೆದರು. "ಅಯ್ಯೋ, ಒಬ್ಳೇ ಎತ್ತಬೇಡ ಕಣಮ್ಮ, ನಿನ್ನ ಬೆನ್ನು ಹಿಡ್ಕೊಳ್ಳತ್ತೆ. ಇನ್ನೊಬ್ಬಳನ್ನೂ ಕರಿ."