ಹೊಳೆಯಿಂದ ಬಂದ ಸೈಕಲ್

“ಆ ಸೈಕಲ್ ಬೇಡ!”

ತಾರಾನಾಥನ ದನಿಗೆ ಮಕ್ಕಳು ಬೆಚ್ಚಿಬಿದ್ದರು. ಡ್ರಾಯಿಂಗ್ ಮಾಸ್ತರು ಹೀಗೆ ಗದರಿದ್ದನ್ನು ಅವರು ಕೇಳಿರಲಿಲ್ಲ.

ಅದು ೧೯೮೪. ಹೆಬ್ರಿಯ ಆ ಶಾಲೆಯ ಪ್ರದರ್ಶನಕ್ಕೆ ಹತ್ತನೆಯ ತರಗತಿಯವರು ಗುಜರಿ ಸಾಮಾನುಗಳಿಂದ ಗಾಳಿಗೆ ಚಲಿಸುವ ಗೊಂಬೆ ಮಾಡುತ್ತಿದ್ದರು. ಆಕಾರ ತಾರಾನಾಥನ ಪಾಲು. ಚಲನೆ ವಿಜ್ಞಾನದ ವೆರೊನಿಕಾ ಟೀಚರದ್ದು. ಸಮಾಜ ಪಾಠಕ್ಕೆಂದು, ಒಂದೊಂದು ವಸ್ತುವೂ ಹಿಂದೆ ಯಾರದಾಗಿತ್ತೆಂದು ಮಕ್ಕಳೇ ವಿಚಾರಿಸಿ ಬರಬೇಕಿತ್ತು.

“ಯಾಕೆ ಸರ್? ಎಣ್ಣೆ ಬಿಟ್ಟರೆ ಚಕ್ರ ತಿರುಗ್ತದೆ,” ಎಂದಳು ಆಸಿಯಮ್ಮ. “ಕಲ್ಯಾಣಪುರದ ಹೊಳೆಯಲ್ಲಿ ನನ್ನ ಮಾವನ ಬಲೆಗೆ ಸಿಕ್ಕಿದ್ದು.”

ಮುಂದಿನ ದಂಡಿಗೆ ಬೆಸೆದಿದ್ದ ಪುಟ್ಟ ಸೀಟನ್ನು ತಾರಾನಾಥ ನೋಡಿದ. ಮಗುವೊಂದು ಕೂರುವಷ್ಟೇ ಜಾಗ.

ಕೆಲವು ವರ್ಷಗಳ ಹಿಂದೆ, ಕಲ್ಯಾಣಪುರದ ಆ ಸ್ವರ್ಣಾ ಹೊಳೆ ತುಂಬಿ ಹರಿಯುತ್ತಿದ್ದಾಗ, ಆ ಸೈಕಲನ್ನು ನೀರಿಗೆ ತಳ್ಳಿದವನು ಅವನೇ. ರೇಮಂಡನ ಕಥೆ ಅಲ್ಲಿಗೆ ಮುಗಿಯಿತೆಂದುಕೊಂಡಿದ್ದ. ದಡದಲ್ಲಿ ರೇಮಂಡನ ಚಪ್ಪಲಿ ಸಿಕ್ಕಿತು, ಹೆಣ ಸಿಗಲಿಲ್ಲ. ಪೊಲೀಸರು ಹುಡುಕಿ ಸುಮ್ಮನಾದರು. ತಾರಾನಾಥ ಮತ್ತೆ ಆ ಕಡೆ ಕಾಲಿಟ್ಟಿರಲಿಲ್ಲ.

ಮಕ್ಕಳು ಹಟ ಬಿಡಲಿಲ್ಲ. ವೆರೊನಿಕಾ ಟೀಚರೂ ಅವರ ಪರ. ಗೊಂಬೆ ಎದ್ದು ನಿಂತಿತು: ಡಬ್ಬಿಯ ತಲೆ, ಕೊಡೆಕಡ್ಡಿಗಳ ಪಕ್ಕೆಲುಬು. ಗಾಳಿ ಬೀಸಿದರೆ ಕಾಲುಗಳು ಪೆಡಲ್ ತುಳಿಯುತ್ತಿದ್ದವು. ಆ ಕಿರಿಕಿರಿ ಸದ್ದು ಅವನ ಬೆನ್ನಹಿಂದೆಯೇ ಬರುತ್ತಿರುವಂತಿತ್ತು.

ಪ್ರದರ್ಶನದ ಬೆಳಿಗ್ಗೆ ಆಸಿಯಮ್ಮ ಓಡಿ ಬಂದಳು.

“ಸರ್, ಸೈಕಲ್ ಯಾರದ್ದಂತ ಗೊತ್ತಾಯ್ತು! ರೇಮಂಡ್ ಅಂತ. ಬಿದ್ದು ಸತ್ತದ್ದಲ್ಲ, ಯಾರೋ ಕೊಂದದ್ದು ಅಂತ ಅಲ್ಲಿ ಮಾತುಂಟು. ಅವರ ಹೆಂಡತಿ ಎಸ್ತರ್ ಇವತ್ತು ಬರ್ತಾರಂತೆ.”

“ಅವರಿಗೆ ಯಾರು ಹೇಳಿದ್ದು?”

“ನಾನೇ ಸರ್. ವಿಚಾರಿಸ್ಲಿಕ್ಕೆ ಹೇಳಿದ್ರಲ್ವಾ?”

ಅವನು ಚೀಲ ಹೆಗಲಿಗೇರಿಸಿ ಹಿಂದಿನ ಗೇಟಿನತ್ತ ನಡೆದ. ಅಷ್ಟರಲ್ಲಿ ವೆರೊನಿಕಾ ಟೀಚರ ದನಿ ಕೇಳಿಸಿತು. “ಎಂತ ಮಾಸ್ಟ್ರೇ, ಎಲ್ಲಿಗೆ ಹೊರಟದ್ದು? ಇಲ್ಲಿ ಬನ್ನಿ.”

ತಿರುಗಿದ. ಟೀಚರ ಪಕ್ಕದಲ್ಲಿ ಕಪ್ಪು ಸೀರೆಯ ಹೆಂಗಸು, ಅವಳ ಕೈ ಹಿಡಿದ ಹುಡುಗಿ.

“ಇವರೇ ನಮ್ಮ ತಾರಾನಾಥ ಮಾಸ್ಟ್ರು. ಗೊಂಬೆಯ ರೂಪ ಇವರದ್ದೇ.”

ತಾರಾನಾಥ ಗಡ್ಡ ಎದೆಗೆ ತಾಗುವಷ್ಟು ತಲೆ ತಗ್ಗಿಸಿ ಕೈಮುಗಿದ. ಎಸ್ತರ್ ಕೈಮುಗಿಯಲಿಲ್ಲ. ಬಹಳ ಹೊತ್ತು ಅವನನ್ನೇ ನೋಡಿದಳು. ಮಗಳನ್ನು ಮೆಲ್ಲನೆ ತನ್ನ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ತಗ್ಗಿದ ದನಿಯಲ್ಲಿ ಕೊಂಕಣಿಯಲ್ಲಿ ಹೇಳಿದಳು:

“ಎಲುಬಾದರೂ ಸಿಕ್ಕೀತು, ಮಣ್ಣು ಮಾಡೋಣ ಅಂತ ಬಂದೆ, ರೇಮಂಡ್.”