ಮೊದಲ ಕೂಗು

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇದು ನಡೆದದ್ದು. ಆ ಓಣಿಯಲ್ಲಿ ಹೊರಗಿನಿಂದ ಯಾರೇ ಕೂಗಲಿ, ಮೂರನೆಯ ಕೂಗಿನ ತನಕ ಯಾರೂ ‘ಓ’ ಎನ್ನುವುದಿಲ್ಲ. ಪ್ಲೇಗಿನ ವರ್ಷ ಮಾರಿ ಬಾಗಿಲಿಗೆ ಬಂದು, ಸತ್ತವರ ದನಿಯಲ್ಲಿ ಒಂದೇ ಸಲ ಕೂಗುತ್ತಿದ್ದಳಂತೆ. ಓಗೊಟ್ಟವರು ಬೆಳಗು ಕಾಣಲಿಲ್ಲವಂತೆ.

ಕಾಲೇಜಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಅವರ ಸ್ಕೂಟರಿನವರೆಗೆ ಎಲ್ಲದರ ದನಿ ತೆಗೆದು ಚಪ್ಪಾಳೆ ಗಿಟ್ಟಿಸಿದ್ದ ಮುರಿಗೇಶನಿಗೆ ಇಷ್ಟು ಸಾಕಾಯಿತು. ರಜೆಗೆ ಆ ಓಣಿಯ ತನ್ನ ಮನೆಗೆ ಬಂದವನು ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲ ಹೊರಗೆ ನಿಂತು, ಹೋದ ವರ್ಷ ತೀರಿಕೊಂಡ ತನ್ನ ಅಜ್ಜನ, ಮುತ್ಯಾನ, ದನಿ ತೆಗೆದ.

“ನೀಲಾ...”

ಒಳಗೆ ಜೋಳ ಹಸನು ಮಾಡುತ್ತಿದ್ದ ಮುತ್ಯಾನ ಹೆಂಡತಿ ನೀಲಾ ಆಯಿಯ ಮೊರದ ಸದ್ದು ನಿಂತಿತು.

“ಓ... ಬಂದ್ನ್ರೀ.”

ಒಂದೇ ಕೂಗಿಗೆ ಆಯಿ ಓಗೊಟ್ಟಿದ್ದಳು. ಮುರಿಗೇಶ ಕಿವಿಗೊಟ್ಟು ನಿಂತ, ಆಮೇಲೆ ಒಳಗಿನಿಂದ ಉಸಿರಿನ ಸದ್ದೂ ಇಲ್ಲ. ಓಡಿ ಹೋಗಿ ನೋಡಿದರೆ, ಆಯಿ ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿದ್ದಳು. ಮೊರ ಮಗುಚಿ ಜೋಳವೆಲ್ಲ ನೆಲದ ಪಾಲಾಗಿತ್ತು.

“ಆಯಿ! ಏಳ, ನಾನ ಕೂಗಿದ್ದು! ಒಂದ ಕೂಗಿಗೆ ಯಾಕ ಓ ಅಂದಿ?” ಅವನಿಗೆ ಅಳುವೇ ಬಂತು.

ಆಯಿ ಒಂದು ಕಣ್ಣು ತೆರೆದಳು. ಹೊಟ್ಟೆ ಹಿಡಿದುಕೊಂಡು, ಬೊಚ್ಚುಬಾಯಿ ಅಗಲಿಸಿ, ಮನೆ ಗುಂಯ್ ಎನ್ನುವಂತೆ ನಕ್ಕಳು.

“ನಾ ಯಾಕ ಅಂಜಲಿ, ಹುಚ್ಚಪ್ಪಾ? ಆ ಪ್ಲೇಗಿನ ವರ್ಷ ಮನಿ ಮನಿ ಮುಂದ ಸತ್ತವರ ದನಿ ತೆಗದು ಹಿಂಗ ಕೂಗಿದಾಂವ ನಿಮ್ಮ ಮುತ್ಯಾನ ಮುತ್ಯಾ. ನಾವು ಕುಂತ ಈ ಮನೀನೂ ಅಂವನ ಕೂಗಿಗೆ ಅಂಜಿ ಓಡಿ ಹೋದವರದ.”