ಕಿವಿಗಿಟ್ಟ ಬತ್ತಿ

ದೀಪಕ್ಕೆ ಹತ್ತಿ ಹೊಸೆಯುವಾಗ ನನಗೆ ಈಗಲೂ ಸುಟ್ಟ ರಬ್ಬರಿನ ವಾಸನೆ ಬರುತ್ತದೆ.

ಎಂಬತ್ತರ ದಶಕದ ಒಂದು ಭಾನುವಾರ. ನ್ಯೂಜೆರ್ಸಿಯ ನಮ್ಮ ಮನೆಯಿಂದ ಅಪ್ಪ ಡ್ರೈವ್ ಮಾಡಿಕೊಂಡು ಪೆನ್ಸಿಲ್ವೇನಿಯಾದ ದೊಡ್ಡ ಟ್ರ್ಯಾಕಿಗೆ ಕಾರ್ ರೇಸ್ ತೋರಿಸಲು ಕರೆದೊಯ್ದಿದ್ದರು. ಆ ಸದ್ದಿಗೆ ನನ್ನ ಕಿವಿ ಹೋದೀತೆಂದು ಅಮ್ಮ ದೇವರ ಮನೆಯ ಹೂಬತ್ತಿಗಳನ್ನು ಪರ್ಸಿನಲ್ಲಿ ತಂದಿದ್ದಳು. ಬೆರಳಲ್ಲಿ ಮೆತ್ತಗೆ ತಿರುವಿ ಎರಡೂ ಕಿವಿಗೆ ಇಟ್ಟಳು. ಆದರೂ ನನಗೆ ಎಲ್ಲ ಕೇಳುತ್ತಿತ್ತು.

"ಇದೇನ್ರೀ, ಗಾಣದೆತ್ತಿನ ಹಾಗೆ ಸುತ್ತೋದೇ ಆಯ್ತು! ಒಂದಾದ್ರೂ ಡಿಕ್ಕಿ ಹೊಡೀಬಾರ್ದಾ?" ಎಂದು ಅಮ್ಮ ಕೂಗಿದಳು.

"ಇರೇ, ಆಗತ್ತೆ. ಜನ ಬಂದಿರೋದೇ ಅದಕ್ಕಲ್ವಾ!" ಎಂದು ಅಪ್ಪ ನಕ್ಕರು.

ಆಯಿತು. ನಮ್ಮೆದುರಿಗೇ ಕೆಂಪು ಕಾರೊಂದು ಗೋಡೆಗೆ ಬಡಿದು ಹೊತ್ತಿಕೊಂಡಿತು. ಡ್ರೈವರ್ ಹೊರಬರಲಿಲ್ಲ. ಎಲ್ಲರೂ ಎದ್ದು ನಿಂತರು. ಮುಂದಿನ ಸಾಲಿನಲ್ಲಿ, ಅದೇ ಕಾರಿನ ನಂಬರಿದ್ದ ಟೀ ಶರ್ಟ್ ತೊಟ್ಟ ಹೆಂಗಸೊಬ್ಬಳು ಬಾಯಿಗೆ ಕೈ ಒತ್ತಿಕೊಂಡು ಅಳುತ್ತಿದ್ದಳು.

ಅಮ್ಮ ನನ್ನ ಕಿವಿಯ ಬತ್ತಿಗಳು ಬಿದ್ದಿಲ್ಲವೆಂದು ಮುಟ್ಟಿ ನೋಡಿಕೊಂಡು, ನನ್ನನ್ನು ಬೆಂಚಿನ ಮೇಲೆ ಎತ್ತಿ ನಿಲ್ಲಿಸಿದಳು. ಆಮೇಲೆ ಆ ಹೆಂಗಸಿನ ಭುಜ ತಟ್ಟಿ, ಬಹಳ ಮರ್ಯಾದೆಯಿಂದ, ತನ್ನ ಮೈಸೂರು ಇಂಗ್ಲಿಷಿನಲ್ಲಿ ಕೇಳಿದಳು: ಸ್ವಲ್ಪ ಕೂತುಕೊಳ್ಳುತ್ತೀರಾ, ನನ್ನ ಮಗುವಿಗೆ ಕಾಣುತ್ತಿಲ್ಲ.